ಉದ್ದ ಕೊಳವೆ, ಗಿಡ್ಡ ಕೊಳವೆ

ಬೂದೆಪ್ಪನ ಕಿವಿಯ ಬಗ್ಗೆ ನಾಚಾರಂನಲ್ಲಿ ಹಬ್ಬಿದ ಕಥೆಗಳಲ್ಲಿ ಅರ್ಧ ಸುಳ್ಳು. ಗೇಟಿನ ಹೊರಗೆ ನಿಂತ ಕಾರಿನ ಯಾವ ಪ್ಲಗ್ಗು ಸತ್ತಿದೆ ಎಂದು ಚಹಾ ಕುಡಿಯುತ್ತಲೇ ಹೇಳುತ್ತಾನೆ ಎನ್ನುವುದು ನಿಜ. ನಿದ್ದೆಯಲ್ಲೂ ಹೇಳುತ್ತಾನೆ ಎನ್ನುವುದನ್ನು ಅವನ ಹೆಂಡತಿ ಸಾಬಮ್ಮ ಒಪ್ಪುವುದಿಲ್ಲ. ಅದೇನೇ ಇರಲಿ, ಇಂಡಸ್ಟ್ರಿಯಲ್ ಎಸ್ಟೇಟಿನ ಮಂದಿಗೆಲ್ಲ ಅವನು ‘ಕಾನ್‌ವಾಲೆ ಚಾಚಾ’, ಕಿವಿಯ ಕಾಕಾ. ಮೂವತ್ತೈದು ವರ್ಷದ ಹಿಂದೆ ಚಿಂಚೋಳಿ ಕಡೆಯಿಂದ ಬಂದು, ತಗಡಿನ ಶೆಡ್ಡು ಹಾಕಿ, ಓಟದ ಕಾರುಗಳ ಸೈಲೆನ್ಸರ್ ಬಗ್ಗಿಸುತ್ತ ಬಗ್ಗಿಸುತ್ತ ಅವನು ಗಳಿಸಿದ್ದು ಈ ಒಂದು ಹೆಸರು.

ಆ ಗುರುವಾರ ಬೆಳಿಗ್ಗೆ ಅವನ ಮೇಜಿನ ಮೇಲೆ ಎರಡು ಹೆಡರ್‌ಗಳು ಮಲಗಿದ್ದವು. ಎಂಜಿನ್ನಿನ ನಾಲ್ಕು ಬಾಯಿಗಳಿಂದ ಹೊಗೆ ಎಳೆದು ಒಂದೇ ದಾರಿಗೆ ತರುವ ಕೊಳವೆಗಳ ಗೊಂಚಲಿಗೆ ಹೆಡರ್ ಎನ್ನುತ್ತಾರೆ. ಒಂದರ ಕೊಳವೆಗಳು ಉದ್ದ, ಇನ್ನೊಂದರವು ಗಿಡ್ಡ. ತಂದವಳು ಗಾನವಿ. ಮೈಸೂರಿನ ಹುಡುಗಿ, ಕೊಂಡಾಪುರದಲ್ಲಿ ಕೆಲಸ, ಜೀವವೆಲ್ಲ ಕೆಂಪು ಕಾರಿನ ಮೇಲೆ.

“ಅಂಕಲ್, ಹೋದ ಸಲ ರೇಸಲ್ಲಿ ತಿರುವುಗಳಲ್ಲೆಲ್ಲ ನಾನೇ ಮುಂದಿದ್ದೆ. ನೇರ ದಾರಿಯ ಕೊನೇಲಿ ಕಾರಿಗೆ ಉಸಿರು ಕಟ್ಕೊಂಡ್ಬಿಡ್ತು. ಮೂರು ಜನ ಪಕ್ಕದಲ್ಲೇ ದಾಟ್ಕೊಂಡು ಹೋದ್ರು. ಈ ಎರಡರಲ್ಲಿ ಯಾವ್ದು ಹಾಕೋದು ಅಂತ ನೀವೇ ಕೇಳಿ ಹೇಳ್ಬೇಕು.”

“ಎರಡೂ ಹಾಕಿ ಕೇಳ್ತೀನವಾ. ಗಾಡಿ ಇಲ್ಲೇ ಬಿಟ್ಟು ಹೋಗು, ಶನಿವಾರ ಬಾ.”

ಉದ್ದ ಕೊಳವೆಗೆ ಕೆಳಗಿನ ವೇಗದ ಬಲ, ಗಿಡ್ಡ ಕೊಳವೆಗೆ ಮೇಲಿನ ವೇಗದ ಓಟ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು. ಆದರೆ ಒಂದೊಂದು ಎಂಜಿನ್ನಿಗೆ ಒಂದೊಂದು ಹಟ ಇರುತ್ತದೆ. ಅದರ ಮನಸ್ಸಿನಲ್ಲಿ ಏನಿದೆ ಎಂದು ಕೇಳಿಯೇ ತಿಳಿಯಬೇಕು.

ಆ ಕೇಳುವುದೇ ಈಗ ಕಷ್ಟವಾಗಿತ್ತು. ಒಂದು ವರ್ಷದಿಂದ ಮೇಲಿನ ಸ್ವರಗಳು ಒಂದೊಂದಾಗಿ ಬೂದೆಪ್ಪನನ್ನು ಬಿಟ್ಟು ಹೋಗುತ್ತಿದ್ದವು. ಮೊದಲು ಗುಬ್ಬಿಗಳು ಹೋದವು, ಆಮೇಲೆ ಫೋನಿನ ಗಂಟೆ, ಆಮೇಲೆ ಕುಕ್ಕರಿನ ಸೀಟಿ. “ಆರು ಸೀಟಿ ಆತು, ಬ್ಯಾಳಿ ಹೊತ್ತಿ ಕರ್ರಗಾತು, ಬಾಜೂಕ ಕುಂತು ಏನ್ ಮಾಡಾಕತ್ತಿದ್ರಿ?” ಎಂದು ಸಾಬಮ್ಮ ಬೈದಾಗ, ಏನೋ ವಿಚಾರದಾಗಿದ್ದೆ ಎಂದು ತೇಲಿಸಿದ್ದ. ಕಿವಿಯ ಕಾಕಾನಿಗೆ ಕಿವಿ ಕೇಳುವುದಿಲ್ಲ ಎಂದು ಒಬ್ಬನಿಗೆ ಗೊತ್ತಾದರೆ ಸಾಕು, ಸಂಜೆಯೊಳಗೆ ಎಸ್ಟೇಟಿಗೆಲ್ಲ ಡಂಗುರ. ಆಮೇಲೆ ಈ ಶೆಡ್ಡಿನ ಮೆಟ್ಟಿಲು ಹತ್ತುವವರು ಯಾರು? ಆ ಹೆದರಿಕೆಯಲ್ಲಿ ಅವನಿಗೆ ಊಟವೂ ರುಚಿಸುತ್ತಿರಲಿಲ್ಲ.

ಮೊದಲು ಉದ್ದದ್ದನ್ನು ಕೂಡಿಸಿ, ಎಂಜಿನ್ ಚಾಲೂ ಮಾಡಿ ರೇಸ್ ಕೊಟ್ಟ. ದುಂಡನೆಯ, ತುಂಬಿದ ದನಿ ನೆಲದೊಳಗಿಂದ ಎದ್ದು ಬಂದು ಅಂಗಾಲಿನಿಂದ ಎದೆಯವರೆಗೆ ಏರಿತು. ಎಷ್ಟು ದಿನವಾಗಿತ್ತು ಒಂದು ದನಿಯನ್ನು ಪೂರ್ತಿಯಾಗಿ ಕೇಳಿ! ಬೂದೆಪ್ಪನ ಕಣ್ಣು ತುಂಬಿ ಬಂತು.

ಅದು ಶ್ರುತಿಯ ದನಿ. ಬೂದೆಪ್ಪನದು ಸನಾದಿ ಊದುವ ಮನೆತನ. ಲಗ್ನದ ಮನೆಗಳಲ್ಲಿ ಅಪ್ಪ ಸನಾದಿ ನುಡಿಸುತ್ತಿದ್ದರೆ, ಏಳು ವರ್ಷದ ಬೂದೆಪ್ಪ ಪಕ್ಕದಲ್ಲಿ ಕುಳಿತು ಇನ್ನೊಂದು ಕೊಳವೆಯಲ್ಲಿ ಶ್ರುತಿ ಹಿಡಿಯುತ್ತಿದ್ದ. ಶ್ರುತಿ ಹಿಡಿಯುವುದೆಂದರೆ ಒಂದೇ ಸ್ವರ, ಹೊತ್ತು ಮುಳುಗುವ ತನಕ. ಮೂಗಿನಿಂದ ಉಸಿರು ಎಳೆದು, ಕೆನ್ನೆಯಲ್ಲಿ ಕೂಡಿಟ್ಟು, ದನಿ ಕಡಿಯದ ಹಾಗೆ ಊದುತ್ತಿರಬೇಕು. ಅಪ್ಪ ಸ್ವರದಿಂದ ಸ್ವರಕ್ಕೆ ಏರಿ ಎಲ್ಲೆಲ್ಲೋ ತಿರುಗಿ ಬರುತ್ತಿದ್ದ. ಇವನು ಕೆಳಗೆ ಇದ್ದಲ್ಲೇ ಇರುತ್ತಿದ್ದ.

ಮಧ್ಯಾಹ್ನ ಉಂಡು ಕಾರಿನ ಪಕ್ಕದ ಹೊರಸಿನ ಮೇಲೆ ಒರಗಿದ. ತಗಡಿನ ತೂತುಗಳಿಂದ ಬಿಸಿಲಿನ ಚುಕ್ಕೆಗಳು ಕೆಂಪು ಬಾನೆಟ್ಟಿನ ಮೇಲೆ ಬಿದ್ದು ನಿಧಾನಕ್ಕೆ ಜರುಗುತ್ತಿದ್ದವು. ಕಣ್ಣು ಮುಚ್ಚಿತೋ ಇಲ್ಲವೋ, ಅಪ್ಪ ಬಂದು ಆ ಚುಕ್ಕೆಗಳ ನಡುವೆ ಕುಳಿತ. ತಲೆಗೆ ಹಳದಿ ರುಮಾಲು. ಮೇಜಿನ ಮೇಲಿದ್ದ ಗಿಡ್ಡ ಹೆಡರನ್ನು ಎತ್ತಿ, ಸನಾದಿಯ ಹಾಗೆ ತುಟಿಗಿಟ್ಟು ನುಡಿಸತೊಡಗಿದ. ಬೆರಳುಗಳು ಓಡುತ್ತಿವೆ, ಕತ್ತಿನ ನರಗಳು ಉಬ್ಬಿವೆ, ದನಿ ಮಾತ್ರ ಇಲ್ಲ. ‘ಅಪ್ಪಾ, ಕೇಳಂಗಿಲ್ಲ’ ಎಂದು ಕೂಗಬೇಕೆಂದರೆ ಬೂದೆಪ್ಪನ ಬಾಯಲ್ಲಿ ಶ್ರುತಿಯ ಕೊಳವೆ. ಬಾಯಿ ತೆಗೆದರೆ ಸ್ವರ ಕಡಿಯುತ್ತದೆ. ಅಪ್ಪ ನುಡಿಸುತ್ತ ನುಡಿಸುತ್ತ ತಗಡಿನ ತೂತೊಂದರಿಂದ ಮೇಲೆ ಹೊರಟುಹೋದ.

ಶುಕ್ರವಾರ ಗಿಡ್ಡದ್ದನ್ನು ಕೂಡಿಸಿದ. ಕೆಳಗಿನ ದನಿ ಸುಮಾರಾಗಿ ಕೇಳಿಸಿತು. ರೇಸ್ ಕೊಟ್ಟಂತೆಲ್ಲ ಅದನ್ನು ಯಾರೋ ಹತ್ತಿಯಲ್ಲಿ ಸುತ್ತಿ ದೂರ ಒಯ್ದ ಹಾಗಾಯಿತು. ಅದು ಮೇಲೆ ಹೋಗಿ ಹಾಡುತ್ತಿತ್ತೋ ಚೀರುತ್ತಿತ್ತೋ, ದೇವರೇ ಬಲ್ಲ. ಬೂದೆಪ್ಪ ಸಿಟ್ಟಿನಿಂದ ಅದನ್ನು ಬಿಚ್ಚಿ, ಉದ್ದದ್ದನ್ನೇ ಮತ್ತೆ ಕೂಡಿಸಿದ.

ಶನಿವಾರ ಗಾನವಿ ಬಂದಳು.

“ಉದ್ದಂದೇ ಚಲೋ ಐತವಾ,” ಎಂದ ಬೂದೆಪ್ಪ, ಅವಳ ಮುಖ ನೋಡದೆ.

“ಹೌದಾ? ನಂಗ್ಯಾಕೋ ಗಿಡ್ಡದ್ದು ಅನ್ಸಿತ್ತು.” ಅವಳು ನಕ್ಕಳು. “ಇರ್ಲಿ ಬಿಡಿ, ನಿಮ್ಮ ಕಿವಿ ಮುಂದೆ ನಂದೇನು!”

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಎರಡನೇ ಮಾತು ಕೇಳಲಿಲ್ಲವಲ್ಲ ಈ ಹುಡುಗಿ. ಬೂದೆಪ್ಪ ಪಾನಾ ಹಿಡಿದು ನಟ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಲು ಬಗ್ಗಿದ. ಕೊನೆಯ ನಟ್ಟಿಗೆ ಬಂದಾಗ ಕೈ ನಿಂತಿತು. ಉದ್ದ ಕೊಳವೆ ಹಿಡಿಸಿದ್ದು ಅವನ ಕಿವಿಗೆ, ಅವಳ ಕಾರಿಗಲ್ಲ. ನೇರ ದಾರಿಯ ಕೊನೆಯಲ್ಲಿ ಈ ಸಲವೂ ಅವಳ ಉಸಿರು ಕಟ್ಟುತ್ತದೆ, ಈ ಸಲವೂ ಮೂರು ಮಂದಿ ದಾಟಿ ಹೋಗುತ್ತಾರೆ.

ಅಪ್ಪ ಒಮ್ಮೆ ಕಿವಿ ಹಿಂಡಿ ಹೇಳಿದ್ದ: “ಶ್ರುತಿ ಹಿಡದವ ಸನಾದಿಯವನ್ನ ಕೆಳಗ ಎಳೀಬಾರದೋ. ಅವ ಎಷ್ಟ್ ಮ್ಯಾಲ ಹೋಗ್ತಾನೋ ಹೋಗ್ಲಿ. ನೀ ಅಲ್ಲೇ ನಿಂತಿರು. ತಿರುಗಿ ಬರಾಕ ಅವಂಗ ಒಂದು ಜಾಗಾ ಬೇಕು.”

ಬೂದೆಪ್ಪ ಪಾನಾ ಕೆಳಗಿಟ್ಟ.

“ಯವ್ವಾ, ನಾ ಸುಳ್ಳ ಹೇಳೀನಿ. ಮ್ಯಾಲಿನ ದನಿ ನನಗ ಕೇಳಂಗಿಲ್ಲ. ಒಂದು ವರ್ಷಾತು. ಇದು ಕೇಳಸ್ತೈತಿ ಅಂತ ಇದನ್ನ ಹಾಕೀನಿ. ನಿನ್ನ ಗಾಡಿ ಸಲುವಾಗಿ ಅಲ್ಲ, ನನ್ನ ಸಲುವಾಗಿ.”

ಗಾನವಿ ಬಗ್ಗಿ ಉದ್ದ ಕೊಳವೆಗಳನ್ನು ನೋಡಿದಳು. ಈಗ ಕೀಲಿ ಇಸಿದುಕೊಂಡು ಹೋಗುತ್ತಾಳೆ ಎಂದುಕೊಂಡ. ಹೋಗಲಿ, ಡಂಗುರವೂ ಸಾರಲಿ. ಎದೆಯ ಮೇಲಿನ ಕಲ್ಲಂತೂ ಇಳಿದಿತ್ತು.

“ಸಾಬಮ್ಮ ಆಂಟಿಗೆ ಗೊತ್ತಾ?”

“ಇಲ್ಲವಾ. ನಿನಗ ಮೊದಲ.”

ಅವಳು ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಂಡಳು. “ಹಾಗಿದ್ರೆ ಗಿಡ್ಡದ್ದು ಹಾಕೋಣ. ಕೇಳೋದು ನಾನು ಕೇಳ್ತೀನಿ. ಏನು ಕೇಳ್ಬೇಕು ಅಂತ ನೀವು ಹೇಳ್ಕೊಡಿ.”

ಭಾನುವಾರ ಬೆಳಿಗ್ಗೆ ಕಾರ್ಖಾನೆಗಳೆಲ್ಲ ಮಲಗಿದ್ದವು. ಯಾವಾಗಲೋ ಮುಚ್ಚಿದ ಕಾರ್ಖಾನೆಯೊಂದರ ಒಳಗೆ ಉದ್ದನೆಯ ನೇರ ರಸ್ತೆಯಿತ್ತು, ಅದರ ಕಾವಲುಗಾರ ಬೂದೆಪ್ಪನ ಗೆಳೆಯ. ಗಾನವಿ ಸ್ಟಿಯರಿಂಗ್ ಹಿಡಿದಳು, ಬೂದೆಪ್ಪ ಪಕ್ಕದಲ್ಲಿ ಕುಳಿತು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿದ. ಕಾರು ಹೊರಟಿತು. ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಐದು ಸಾವಿರಕ್ಕೆ, ಆರಕ್ಕೆ ಏರಿತು. ಆರು ದಾಟುತ್ತಲೇ ದನಿ ಹತ್ತಿಯೊಳಗೆ ಹೊಕ್ಕಿತು. ಎರಡೂ ಕಡೆಯ ಬೇಲಿಗಳು, ಬಿಸಿಲು, ಹಳೆಯ ಚಿಮಣಿ, ಎಲ್ಲ ಸದ್ದಿಲ್ಲದೆ ಹಿಂದಕ್ಕೆ ಹರಿದವು.

ಬೂದೆಪ್ಪ ಗಾನವಿಯ ಮುಖ ನೋಡಿದ. ಅಪ್ಪ ಮೇಲೇರಿದಾಗ ಲಗ್ನದ ಮನೆಯ ಮಂದಿ ಕೈಯ ತುತ್ತು ಕೈಯಲ್ಲೇ ಬಿಟ್ಟು ಕೂರುತ್ತಿದ್ದರಲ್ಲ, ಅದೇ ಮುಖ. ಆಗ ಅವನಿಗೆ ಹೊಳೆಯಿತು: ಅಪ್ಪನ ಸನಾದಿಯನ್ನು ಅವನು ಎಂದೂ ಪೂರ್ತಿ ಕೇಳಿದ್ದೇ ಇಲ್ಲ. ಉಸಿರು ಕಾಯುವುದರಲ್ಲೇ ಹೊತ್ತು ಹೋಗುತ್ತಿತ್ತು. ಅಪ್ಪ ಎಲ್ಲಿಗೆ ಮುಟ್ಟಿದ್ದಾನೆ ಎಂಬುದನ್ನು ಮಂದಿಯ ಮುಖ ನೋಡಿಯೇ ತಿಳಿಯುತ್ತಿದ್ದ.

“ಕಟ್ಲಿಲ್ಲ ಅಂಕಲ್! ಉಸಿರು ಕಟ್ಲೇ ಇಲ್ಲ!” ರಸ್ತೆಯ ತುದಿಯಲ್ಲಿ ಕಾರು ನಿಲ್ಲಿಸಿ ಗಾನವಿ ಕೂಗಿದಳು. ಆಮೇಲೆ ಅವನತ್ತ ತಿರುಗಿ, ದನಿ ತಗ್ಗಿಸಿ ಕೇಳಿದಳು: “ನೀವು... ಹಾಡ್ತಿದ್ರಾ?”

ಅವಳು ಕೇಳಿದ ಮೇಲೆಯೇ ಅವನಿಗೆ ಗೊತ್ತಾಯಿತು, ತನ್ನ ಕೆನ್ನೆಗಳು ನೋಯುತ್ತಿವೆ ಎಂದು.

“ಶ್ರುತಿ ಹಿಡದಿದ್ದೆ,” ಎಂದ ಬೂದೆಪ್ಪ. “ತಿರುಗ್ಸು. ಇನ್ನೊಮ್ಮೆ ಹೋಗೂಣು.”

ಅವಳು ಕಾರು ತಿರುಗಿಸಿದಳು. ಬೂದೆಪ್ಪ ಮೂಗಿನಿಂದ ಉಸಿರು ಎಳೆದು ಕೆನ್ನೆಯಲ್ಲಿ ಕೂಡಿಟ್ಟುಕೊಂಡ.