ಹತ್ತು ದಿನ ಮುಂಚೆ ಬಂದ ಹಬ್ಬ

ಸಾನ್ ಜೊವಾನ್ನಿ ಹಬ್ಬದ ಬೆಳಿಗ್ಗೆ ಇಬ್ಬನಿ ಆರುವ ಮೊದಲು ಕಿತ್ತ ಗಿಡಕ್ಕೇ ಗುಣ ಹೆಚ್ಚು ಎಂಬುದು ಬಾಲ್ದೊ ಬೆಟ್ಟದವರ ನಂಬಿಕೆ. ಅದೇ ಬೆಳಿಗ್ಗೆ ಪಾದುವಾದ ಸಸ್ಯಪಂಡಿತ ಅಲ್ವಿಸೆ ಹೇಸರಗತ್ತೆಯೇರಿ, ಮೂಲಿಕೆ ಮಾರುವ ಮೆನೆಗಾಳ ಬಾಗಿಲಿಗೆ ಬಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮೂವತ್ತು ವರ್ಷವಾಗಿತ್ತು.

"ನೀನು ಹಾಗೇ ಇದ್ದೀಯಲ್ಲೇ!" ಎಂದ. ಮೆನೆಗಾ ಹುಡುಗಿಯಂತೆ ನಾಚಿದಳು.

ಗ್ರಂಥದಲ್ಲಿಲ್ಲದ ಗಿಡ ಭೂಮಿಯ ಮೇಲೂ ಇಲ್ಲ ಎನ್ನುತ್ತಿದ್ದ ಗುರುಗಳನ್ನು ಬಿಟ್ಟು ಬೆಟ್ಟ ಹತ್ತಿದ ಮೊದಲಿಗ ಅವನು. ಗಿಡಗಳನ್ನು ಕಾಗದದ ನಡುವೆ ಒಣಗಿಸಿ ಪುಸ್ತಕ ಕಟ್ಟಿದ್ದು ಇವಳ ಜಗಲಿಯಲ್ಲೇ. "ಇನ್ನೆರಡು ದಿನ ಇರು" ಎಂದಿದ್ದಳು. ಪಾಠವಿದೆ ಎಂದು ಇಳಿದುಹೋದವನು ದೊಡ್ಡ ತೋಟ ಬೆಳೆಸಿದ, ದೇಶದೇಶಗಳಲ್ಲಿ ಹೆಸರು ಮಾಡಿದ. ಇವಳು ಮದುವೆಯಾಗಲಿಲ್ಲ, ಕೇಳಿದವರಿಗೆಲ್ಲ ಮೇಕೆಗಳ ನೆಪ ಹೇಳಿದಳು.

"ಆವತ್ತು ಇಲ್ಲಿ ಕಿತ್ತ ಆ ನೀಲಿ ಹೂ ತೋರಿಸೇ ಮಾರಾಯ್ತಿ. ನನ್ನ ಪುಸ್ತಕದಲ್ಲಿ ಅದು ಸಗಣಿ ಬಣ್ಣಕ್ಕೆ ತಿರುಗಿದೆ. ಕಣ್ಣು ಮಂಜಾಗ್ತಿದೆ, ಪೂರ್ತಿ ಹೋಗೋಕ್ಮುಂಚೆ ಒಂದ್ಸಲ ನೋಡ್ಬೇಕು. ಸೋಮವಾರ ಪಾಠ ಇದೆ."

"ಹೂ ಎಲ್ಲಿಂದ ತರ್ಲಿ? ಇನ್ನೂ ಮೊಗ್ಗು."

"ಪ್ರತಿ ವರ್ಷ ಈ ಹಬ್ಬಕ್ಕೇ ಅಲ್ವೇನೇ ಅರಳೋದು?"

"ಹೋದ ವರ್ಷ ಪೋಪ್ ಸ್ವಾಮಿಗಳು ಪಂಚಾಂಗದಿಂದ ಹತ್ತು ದಿನ ಕಿತ್ತುಹಾಕಿದ್ರಲ್ಲ! ಹಬ್ಬ ಮುಂಚೆ ಬಂತು. ಹೂವಿಗೆ ಯಾರೂ ಹೇಳಿಲ್ಲ. ಓದಿ ಓದಿ ಮರುಳಾದೆ ನೀನು!"

ಪಂಡಿತ ಹಣೆ ಚಚ್ಚಿಕೊಂಡ. ಆ ತಿದ್ದುಪಡಿ ಸರಿಯೆಂದು ಊರಿಗೆಲ್ಲ ಬುದ್ಧಿ ಹೇಳಿದವನೇ ಅವನು.

"ಹತ್ತು ದಿನ ಇರ್ತೀಯಾ?" ಎಂದು ಕೇಳಿದಳು. ಈ ಸಲವೂ ಪಾಠ ಎಂದುಬಿಟ್ಟರೆ ಮತ್ತೊಮ್ಮೆ ಕೇಳುವಷ್ಟು ಆಯುಸ್ಸು ಉಳಿದಿಲ್ಲ.

ಅವನು ಹೇಸರಗತ್ತೆಯ ಜೀನು ಬಿಚ್ಚಿದ.

ಹತ್ತು ದಿನ ಇಬ್ಬರೂ ಮೇಕೆಗಿಣ್ಣು ತಿಂದರು, ಗಿಡಗಳ ಹೆಸರಿಗೆ ಜಗಳವಾಡಿದರು. ಮೆನೆಗಾಳಿಗೆ ಇಷ್ಟು ಸುಖ ಯಾವತ್ತೂ ಸಿಕ್ಕಿರಲಿಲ್ಲ. ಆದರೆ ಅವನು ಬಟ್ಟಲಿಗಾಗಿ ತಡಕಾಡುವುದು ಅವಳ ಕಣ್ಣಿಗೆ ಬೀಳುತ್ತಲೇ ಇತ್ತು.

ಹನ್ನೊಂದನೆಯ ಬೆಳಿಗ್ಗೆ ಇಳಿಜಾರೆಲ್ಲ ನೀಲಿ. ಅವನ ಕಣ್ಣಿನ ಬಗೆಗಿನ ಅನುಮಾನ ಪರಿಹರಿಸಿಕೊಳ್ಳಲು ಅವಳು ಮೊದಲು ಒಂದು ಬಿಳಿ ಹೂ ಕಿತ್ತು ಅವನ ಕೈಗಿಟ್ಟಳು.

ಅವನು ಅದನ್ನು ಕಣ್ಣಿನ ಹತ್ತಿರ ಹಿಡಿದ. "ಅದೇ ನೀಲಿ ಮೆನೆಗಾ! ಒಂಚೂರೂ ಬದಲಾಗಿಲ್ಲ!"

"ಹೂಂ, ಅದೇ" ಎಂದಳು.

ಬಂದ ದಿನ ಬಾಗಿಲಲ್ಲಿ ಅವನು "ನೀನು ಹಾಗೇ ಇದ್ದೀಯಲ್ಲೇ" ಎಂದು ಆಡಿದ ಮಾತು ನೆನಪಾಯಿತು. ಅದನ್ನು ನಂಬಿ ಹತ್ತು ದಿನ ಹಿಗ್ಗಿದ್ದಳು. ಮೆನೆಗಾ ಬಿಳಿಗೂದಲನ್ನು ತಲೆವಸ್ತ್ರದೊಳಗೆ ತಳ್ಳಿಕೊಂಡು ಅವನ ಪಕ್ಕದಲ್ಲಿ ಕೂತಳು.