ಮೈದಾನದ ನಡುವಿನ ತಾಡಪತ್ರಿ

ಔರಾದಿನ ಸಂತೆಗೆ ಹೋಗುವ ಬಸ್ ಹಿಡಿಯಲು ನಾಲ್ಕು ಹೆಜ್ಜೆ ಓಡಿದ್ದಷ್ಟೇ, ಮನಿಷಾ ಏದುಸಿರು ಬಿಡುತ್ತ ರಸ್ತೆಯಲ್ಲೇ ಕುಸಿದು ಕುಳಿತಳು. ತಾಯಿ ಸಖುಬಾಯಿ ಹಿಂದಿರುಗಿ ಅವಳತ್ತ ಓಡಿದಳು. ಒಂಬತ್ತನೇ ತರಗತಿಯ ಹುಡುಗಿ, ಹೀಗೇಕೆ?

ಸಂತೆ ಬಿಟ್ಟು ನೇರ ದವಾಖಾನೆಗೆ ಹೋದರು. ಡಾಕ್ಟರು ಎದೆ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. "ರೋಗ ಏನೂ ಇಲ್ಲರಿ, ಮೈಗಿ ರೂಢಿ ಇಲ್ಲ. ದಿನಾ ಒಂದ್ ತಾಸರೆ ಆಡ್ಲಿ. ಮೊದಲ ಸಾವಕಾಶ, ಆಮ್ಯಾಲ ಜೋರ."

"ಆಟದ ಪಿರಿಯಡ್‌ನ್ಯಾಗ ಗಣಿತ ಹೇಳ್ತಾರ್ರಿ," ಎಂದಳು ಮನಿಷಾ.

ಸಖುಬಾಯಿಗೆ ಅಂದು ಊಟ ಸೇರಲಿಲ್ಲ. ಆಡುವಾಗ ಬಿದ್ದರೆ? ಮತ್ತೆ ಉಸಿರು ಕಟ್ಟಿದರೆ? ಮರುದಿನ ಊರಿನ ಸರ್ಕಾರಿ ಪ್ರೌಢಶಾಲೆಗೆ ಹೋಗಿ, ಪಿ.ಟಿ. ಶಿಕ್ಷಕ ಧಮ್ಮಪಾಲರ ಮುಂದೆ ನಿಂತಳು.

"ಸರ್, ಬರೋ ವರ್ಷ ಹತ್ತನೇ ಕ್ಲಾಸ. ಆಟಕ್ಕ ಮಾರ್ಕ್ಸ್ ಯಾರು ಕೊಡ್ತಾರ್ರಿ? ಮತ್ತ, ನೀವಿದ್ದೂ ಯಾಕ ಆಡ್ಸಂಗಿಲ್ಲ?"

"ಅಕ್ಕಾರ, ಆಡ್ಸಲೋ, ಬ್ಯಾಡೋ? ಒಂದು ಹೇಳ್ರಿ!" ಅವರು ನಕ್ಕರು. "ಎರಡು ಊರ ಸಾಲಿಗಿ ನಾ ಒಬ್ಬನೇ. ಇಲ್ಲಿ ವಾರಕ್ಕ ಮೂರೇ ದಿನ. ಆಡಿದ ಮಕ್ಕಳು ಪಾಠದಾಗ ತೂಕಡ್ಸಂಗಿಲ್ಲರಿ. ಆದ್ರ ಜಾಗಾ ಖಾಲಿ ಇಲ್ಲಂದ್ರ ನನ್ನ ಪಿರಿಯಡ್ ಗಣಿತಕ್ಕ ಹೋಗ್ತದ. ಬರ್ರಿ, ನೋಡ್ರಿ."

ಮೈದಾನದ ತುಂಬ ಸೋಯಾ ಒಣಗುತ್ತಿತ್ತು. ಸುಗ್ಗಿ ಬಂದರೆ ಊರವರು ಅಲ್ಲೇ ಹರಡುವುದು ವಾಡಿಕೆ. ಸರ್ಕಾರಿ ಜಾಗ, ಕೇಳುವವರಾರು? ಕಬಡ್ಡಿ ಅಂಕಣದ ನಡುವೆಯೇ ಕಾಳು ಹರವಿದ ಒಂದು ನೀಲಿ ಪ್ಲಾಸ್ಟಿಕ್ ತಾಡಪತ್ರಿ. ಅದರ ಹರಿದ ಮೂಲೆಗೆ ಹಳದಿ ಸೀರೆಯ ತೇಪೆ. ಆ ತೇಪೆ ಹೊಲಿದವಳು ಸಖುಬಾಯಿಯೇ.

ಅವಳು ನೇರ ಮನೆಗೆ ನಡೆದಳು.

ಹಟ್ಟಿಯಿಂದ ಕುರಿ ಬಿಡುತ್ತಿದ್ದ ಗಂಡ ಧೊಂಡಿಬಾ ಅವಳು ಹೇಳಿದ್ದೆಲ್ಲ ಕೇಳಿಸಿಕೊಂಡ. "ನಾಕು ದಿನ ಕಟ್ಟಿದ ಕುರಿ ಐದನೇ ದಿನ ಮುಗ್ಗರಸ್ತದ. ಕುರಿ ದಿನಾ ಅಡ್ಯಾಡಸ್ತೀವಿ, ಮಗಳಿಗಿ ಕಟ್ಟಿ ಹಾಕೀವಿ. ಭಾಳ ಶಾಣ್ಯಾರು ನಾವು! ನಡಿ, ಸೋಯಾ ಮಾಳಿಗಿ ಮ್ಯಾಲ ಹಾಕೂಣು."

ತಾಡಪತ್ರಿ ಎಳೆಯುವಾಗ ನೆರೆಯವರು ಕೇಳಿದರು: "ಯಾಕ ಸಖುಬಾಯಿ, ಮಳಿ ಬರ್ತದೇನು?"

"ಮಕ್ಕಳು ಬರ್ತಾವ. ನಿಮ್ದೂ ತೆಗೀರಿ."

ಗೊಣಗುತ್ತಲೇ ತೆಗೆದರು.

ಆಟದ ಪಿರಿಯಡ್ ಇದ್ದ ದಿನ ಸಖುಬಾಯಿ ಬೇಲಿ ಹಿಡಿದು ನಿಂತಿದ್ದಳು. ಎರಡನೇ ಸುತ್ತಿಗೆ ಮನಿಷಾ ಮೊಣಕಾಲ ಮೇಲೆ ಕೈಯೂರಿ ಬಾಗಿದಳು. ತಾಯಿ ಮುಂದೆ ಧಾವಿಸಿದಳು. ಸರ್ ಕೈ ಮಾಡಿ ತಡೆದರು. ಹುಡುಗಿ ಸ್ವಲ್ಪ ನಡೆದಳು, ನೀರು ಕುಡಿದಳು, ಮತ್ತೆ ಮೆಲ್ಲಗೆ ಓಡಿದಳು. ಆಗ ಸಖುಬಾಯಿ ಉಸಿರು ಬಿಟ್ಟಳು.

ತಾಯಂದಿರೇ, ತಂದೆಯಂದಿರೇ, ನಿಮ್ಮೂರ ಶಾಲೆಯ ಮೈದಾನವನ್ನು ಇಂದೇ ಹೋಗಿ ನೋಡಿ. ನಿಮ್ಮ ರಾಶಿ, ಬಂಡಿ ಅಲ್ಲಿದ್ದರೆ ತೆಗೆಯಿರಿ. ಆಟದ ಪಿರಿಯಡ್ ನಡೆಯುತ್ತದೆಯೇ ಎಂದು ಮಕ್ಕಳನ್ನು ಕೇಳಿ. ಶಿಕ್ಷಕರಿಲ್ಲದಿದ್ದರೆ ಶಾಲಾ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಮಾತಾಡಿ. ನಿಮ್ಮ ಮಗು ರಸ್ತೆಯಲ್ಲಿ ಕುಸಿದು ಕೂರುವವರೆಗೆ ಕಾಯಬೇಡಿ.