ಗೇಟಿನಲ್ಲಿ ಬಿಟ್ಟ ಚಪ್ಪಲಿ

ಯಾಮಿನಿಗೆ ಮಾತಾಡುವುದೆಂದರೆ ಹಲ್ಲು ಕೀಳಿಸಿಕೊಂಡ ಹಾಗೆ. ಅಂಥವಳು ಡಿಗ್ರಿ ಮುಗಿಸಿ ಹುಡುಕಿಕೊಂಡಿದ್ದು ಗೈಡ್ ಕೆಲಸ. ಆಕ್ಲೆಂಡಿನ ಉತ್ತರಕ್ಕಿರುವ ಮಾನುಕಾ ಪೊದೆಗಳ ಆ ರಕ್ಷಿತ ಕುರುಚಲು ಬಯಲಿನಲ್ಲಿ ಇವತ್ತು ಅವಳಿಗೆ ಪರೀಕ್ಷೆ. ಗುಂಪನ್ನು ಸರಿಯಾಗಿ ಸುತ್ತಾಡಿಸಿದರೆ ವಾರಾಂತ್ಯದ ಕೆಲಸ ನಿನ್ನದೇ ಎಂದಿದ್ದ ರೇಂಜರ್ ಪಾಲೀನ್, ಕೈಕಟ್ಟಿಕೊಂಡು ಹಿಂದೆ ಬರುತ್ತಿದ್ದಳು.

ಬಂದದ್ದು ನಗರದ ಫ್ಲ್ಯಾಟ್ ಬುಷ್ ಬಡಾವಣೆಯ ಕನ್ನಡದವರು. ಹೊರಗಿನ ಮಣ್ಣು ಒಳಗೆ ರೋಗ ತರದಿರಲೆಂದು ಗೇಟಿನಲ್ಲಿ ಬೂಟು ಉಜ್ಜುವ ಬ್ರಷ್ ಇಟ್ಟಿದ್ದರು. ಅದನ್ನು ಕಂಡದ್ದೇ ತಡ, ಅಂಬುಜಾ ಆಂಟಿ ಪಕ್ಕದಲ್ಲಿ ಚಪ್ಪಲಿ ಜೋಡಿಸಿಟ್ಟು ದೇವಸ್ಥಾನಕ್ಕೆ ಹೋದ ಹಾಗೆ ಬರಿಗಾಲಲ್ಲಿ ಒಳಗೆ ನಡೆದರು. ಬಿಡುವುದು ಬೇಡ, ಉಜ್ಜಿದರೆ ಸಾಕು ಎಂಬ ಮಾತನ್ನು ಯಾಮಿನಿ ಮನಸ್ಸಿನಲ್ಲಿ ಜೋಡಿಸುವಷ್ಟರಲ್ಲಿ ಅವರು ಹತ್ತು ಹೆಜ್ಜೆ ಮುಂದಿದ್ದರು.

ಇಲ್ಲಿಯ ಫರ್ನ್‌ಬರ್ಡ್ ನಾಚಿಕೆಯ ಹಕ್ಕಿ, ಪೊದೆಯೊಳಗಿಂದ ಕೂಗುತ್ತದೆ, ಕಾಣುವುದು ಅಪರೂಪ ಎಂದು ಯಾಮಿನಿ ಪಿಸುಗುಟ್ಟಿದಳು.

"ಹಕ್ಕಿ ಕಾಣಿಸಲ್ಲ, ಕೂಗತ್ತೆ," ಅಂದರು ದತ್ತಾತ್ರೇಯ ಅಂಕಲ್. "ನಮ್ಮ ಗೈಡು ಕಾಣಿಸ್ತಾಳೆ, ಕೂಗಲ್ಲ."

ಎಲ್ಲರೂ ನಗುತ್ತಾ, ಹಲಗೆಯ ದಾರಿಯನ್ನು ದಡದಡ ತುಳಿಯುತ್ತಾ ಮುಂದೆ ಹೋದರು. ಹಲಗೆಯಿಂದೆದ್ದ ಸಿಬಿರುಗಳ ಮೇಲೆ ಕುಂಟುತ್ತಿದ್ದ ಆಂಟಿಯ ಜೊತೆ ಯಾಮಿನಿ ತಪ್ಪಿತಸ್ಥಳಂತೆ ಹಿಂದುಳಿದಳು.

ತಿರುವಿನಲ್ಲಿ ಆಂಟಿ ಒಂದು ಕಾಲೆತ್ತಿ ಕೊಕ್ಕರೆಯಂತೆ ನಿಂತುಬಿಟ್ಟರು. ಮೊಳದೂರದಲ್ಲಿ, ಕಡ್ಡಿಯ ಮೇಲೆ, ಕಂದು ಬಣ್ಣದ ಪುಟ್ಟ ಹಕ್ಕಿ.

"ಪಾಪ, ಬಾಲ ನೋಡೇ," ಆಂಟಿ ಉಸುರಿದರು. "ಸವೆದ ಪೊರಕೆ ಥರ ಇದೆ."

ಹಿಂದಿನಿಂದ ಬಂದ ಪಾಲೀನ್ ಬೆರಗಾದಳು. ಫರ್ನ್‌ಬರ್ಡನ್ನು ಇಷ್ಟು ಹತ್ತಿರದಿಂದ ತಾನೂ ನೋಡಿರಲಿಲ್ಲವಂತೆ. ಹೆಜ್ಜೆ ಸದ್ದಾಗದಿರಲಿ ಎಂದು ಚಪ್ಪಲಿ ಬಿಡಿಸಿದ್ದು ನಿನ್ನ ಉಪಾಯವೇ ಎಂದು ಮೆಚ್ಚುಗೆಯಿಂದ ಕೇಳಿದಳು.

ತಲೆಯಾಡಿಸಿದ್ದರೆ ಸಾಕಿತ್ತು. ಇಷ್ಟು ವರ್ಷ ಯಾಮಿನಿ ಮಾಡಿಕೊಂಡು ಬಂದದ್ದೂ ಅದನ್ನೇ.

"ಅಲ್ಲ," ಅಂದಳು. "ಅವರು ದೇವಸ್ಥಾನದ ಥರ ಅಂದುಕೊಂಡ್ರು. ನಾನು ನೋಡಿದೆ. ಹೇಳೋಕೆ ಬಾಯಿ ಬರ್ಲಿಲ್ಲ."

ದನಿ ಎಷ್ಟು ಜೋರಾಗಿತ್ತೆಂದರೆ ಹಕ್ಕಿ ಪೊದೆಗೆ ಧುಮುಕಿತು. ಪಾಲೀನ್ ನಕ್ಕಳು. ಇದೇ ದನಿಯಲ್ಲಿ ಗೇಟಿನ ಬಳಿ ಮಾತಾಡುವುದಾದರೆ ಶನಿವಾರ ಎಂಟಕ್ಕೆ ಬಾ ಎಂದಳು.

"ಕೆಲ್ಸ ಸಿಕ್ತಾ?" ಆಂಟಿ ಯಾಮಿನಿಯ ಹೆಗಲು ಹಿಡಿದು ಪಾದ ಚಾಚಿದರು. "ಹಾಗಾದ್ರೆ ಮೊದ್ಲು ಈ ಸಿಬಿರು ತೆಗಿ, ಮಾರಾಯ್ತಿ."